ಒಂದು ವಾಲ್ವ್‌ಗೆ ಮೂರು ಹೆಸರು: ಸರ್ಕಾರಿ ಮೂಲಸೌಕರ್ಯ ನಿರ್ವಹಣೆಯಲ್ಲಿ ಐಟಿಯವರ ಕೆಲಸ

ನಗರಸಭೆ, ಜಲಮಂಡಳಿ, ಲೋಕೋಪಯೋಗಿ, ಎಸ್ಕಾಂ, ಇಂಥ ಕಡೆ ಐಟಿ ಕೆಲಸಕ್ಕೆ ತಯಾರಾಗುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ನಾನು ಒಂದು ಪಟ್ಟಣದ ಸ್ಥಳೀಯ ಸಂಸ್ಥೆಯ ನೀರು ಸರಬರಾಜು ವಿಭಾಗದಲ್ಲಿ ಹೊರಗುತ್ತಿಗೆ ಮೇಲೆ ಜಿಐಎಸ್ (ಕಂಪ್ಯೂಟರ್ ನಕ್ಷೆ) ಆಪರೇಟರ್ ಆಗಿದ್ದೆ. ಓದಿ ಕಲಿತದ್ದು, ಅಲ್ಲಿ ಕಂಡದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳಿ. ನಮ್ಮಲ್ಲಿ ಆಸ್ತಿ ಎಂದರೆ ಸೈಟು, ಮನೆ, ಖಾತೆ. ಇ-ಆಸ್ತಿ ತಂತ್ರಾಂಶ ಇರುವುದೂ ಜನರ ಆಸ್ತಿಗೇ. ನಾವು ಇಲ್ಲಿ ಮಾತಾಡುತ್ತಿರುವುದು ಕಚೇರಿಯ ಸ್ವಂತ ಆಸ್ತಿ: ರಸ್ತೆ, ಚರಂಡಿ, ಪೈಪು, ವಾಲ್ವ್, ಸೇತುವೆ, ಬೀದಿದೀಪದ ಕಂಬ, ಕೊಳವೆಬಾವಿಯ ಮೋಟಾರು. ಗೊಂದಲ ಬೇಡವೆಂದು ಇದನ್ನು ಅಸೆಟ್ ಅಂತಲೇ ಕರೆಯೋಣ. ಇದಕ್ಕೆ ಐಎಸ್‌ಒ 55000 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಸರಣಿ ಇದೆ. 2014ರಲ್ಲಿ ಬಂತು, 2024ರಲ್ಲಿ ಪರಿಷ್ಕರಣೆ ಆಯಿತು. ಅದರ ತಿರುಳು ಸರಳ. ಕೊಂಡ ದಿನದಿಂದ ಗುಜರಿಗೆ ಹಾಕುವ ದಿನದವರೆಗೆ ಒಂದು ಅಸೆಟ್‌ನ ಖರ್ಚು, ಅಪಾಯ, ಅದು ಮಾಡುವ ಕೆಲಸ, ಈ ಮೂರನ್ನೂ ಒಟ್ಟಿಗೆ ನೋಡಿ ತೀರ್ಮಾನ ತೆಗೆದುಕೊಳ್ಳಬೇಕು. ಹಾಗೆ ನೋಡಬೇಕಾದರೆ ಏನಿದೆ, ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಇದುವರೆಗೆ ಎಷ್ಟು ಖರ್ಚಾಗಿದೆ ಅಂತ ಗೊತ್ತಿರಬೇಕು. ಐಟಿಯವರ ಕೆಲಸವೆಲ್ಲ ಈ ನಾಲ್ಕು ಪ್ರಶ್ನೆಗಳ ಸುತ್ತಲೇ ಇದೆ.

ಗುರುತಿನ ಸಂಖ್ಯೆ

ನಾನು ಸೇರಿದ ಮೊದಲ ತಿಂಗಳು ವಾಲ್ವ್‌ಗಳ ಪಟ್ಟಿ ಕೊಟ್ಟು ನಕ್ಷೆಗೆ ಏರಿಸಲು ಹೇಳಿದರು. ಒಂದು ಎಕ್ಸೆಲ್ ಹಾಳೆಯಲ್ಲಿ 'ಗಣಪತಿ ಗುಡಿ ವಾಲ್ವ್', ಇನ್ನೊಂದರಲ್ಲಿ 'ವಾರ್ಡ್ 7, ವಾಲ್ವ್ 3', ರಿಪೇರಿ ರಿಜಿಸ್ಟರಿನಲ್ಲಿ 'ಹಳೇ ಟ್ಯಾಂಕ್ ಲೈನ್ ವಾಲ್ವ್'. ಮೂರು ಅಂತ ಮೂರು ಚುಕ್ಕೆ ಇಟ್ಟೆ. ವಾಲ್ವ್‌ಮ್ಯಾನ್ ಜೊತೆ ಬಿಸಿಲಲ್ಲಿ ನಡೆದು ನೋಡಿದಾಗ ಅಲ್ಲಿ ಇದ್ದದ್ದು ಒಂದೇ ವಾಲ್ವ್. ಪದೇ ಪದೇ ಕೆಡುತ್ತಿದ್ದ ಅದರ ರಿಪೇರಿ ಖರ್ಚು ಮೂರು ಹೆಸರಲ್ಲಿ ಹಂಚಿಹೋಗಿತ್ತು. ಹಾಗಾಗಿ ಅದನ್ನು ಬದಲಿಸಿಬಿಡಬೇಕು ಎಂಬುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದೇ ವಿಷಯದ ದೊಡ್ಡ ರೂಪ ಸೇತುವೆಗಳದ್ದು. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಮೇಲಿದ್ದ ಬ್ರಿಟಿಷರ ಕಾಲದ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಬಸ್ಸುಗಳು ನದಿಗೆ ಬಿದ್ದು ಜನ ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇಂಡಿಯನ್ ಬ್ರಿಡ್ಜ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಶುರು ಮಾಡಿತು. ಅದರ ರಚನೆ ಗಮನಿಸಿ. ಪ್ರತಿ ಸೇತುವೆಗೂ ಒಂದು ರಾಷ್ಟ್ರೀಯ ಗುರುತಿನ ಸಂಖ್ಯೆ. ಅದು ರಾಜ್ಯ, ಆರ್‌ಟಿಒ ವಲಯ, ರಸ್ತೆ ರಾಷ್ಟ್ರೀಯ ಹೆದ್ದಾರಿಯೋ ರಾಜ್ಯ ಹೆದ್ದಾರಿಯೋ ಜಿಲ್ಲಾ ರಸ್ತೆಯೋ ಎಂಬುದರ ಮೇಲೆ ನಿಂತಿದೆ. ಆಮೇಲೆ ಜಿಪಿಎಸ್ ತೆಗೆದು ಸ್ಥಳದ ಸಂಖ್ಯೆ. ಆಮೇಲೆ ವಿನ್ಯಾಸ, ಸಾಮಗ್ರಿ, ವಯಸ್ಸು, ಉದ್ದ, ಅಗಲ ನೋಡಿ ವರ್ಗದ ಸಂಖ್ಯೆ. ಕೊನೆಗೆ ಗಟ್ಟಿತನಕ್ಕೆ 0ಯಿಂದ 9ರವರೆಗೆ ಅಂಕ. ಗುರುತು ಮೊದಲು, ಜಾಗ ಆಮೇಲೆ, ಸ್ಥಿತಿ ಅದರ ನಂತರ. ಡೇಟಾಬೇಸ್ ವಿನ್ಯಾಸದ ಪ್ರಶ್ನೆ ಬಂದರೆ ಈ ಕ್ರಮ ನೆನಪಿರಲಿ.

ಪಟ್ಟಿ ಮಾಡಿದ ಮಾತ್ರಕ್ಕೆ ಸೇತುವೆ ನಿಲ್ಲುವುದಿಲ್ಲ, ಅದೂ ನಿಜ. 2024ರ ಆಗಸ್ಟ್ 7ರ ನಸುಕಿನಲ್ಲಿ ನಮ್ಮ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಸುಮಾರು 40 ವರ್ಷದ ಸೇತುವೆ, ನದಿಗೆ ಬಿದ್ದ ಲಾರಿಯ ಚಾಲಕನನ್ನು ರಕ್ಷಿಸಿದರು. ಯಾರೋ ಹೋಗಿ ನೋಡಬೇಕು, ಅಂಕ ಬರೆಯಬೇಕು, ಅಂಕ ಇಳಿದಾಗ ಅದು ಸಂಬಂಧಪಟ್ಟ ಎಂಜಿನಿಯರ್ ಮೇಜಿಗೆ ತಾನಾಗಿ ಹೋಗಬೇಕು. ಈ ಕೊನೆಯ ಭಾಗ ಐಟಿಯವರದ್ದೇ.

ನಕ್ಷೆಯವರು

ಜಿಐಎಸ್ ಹುದ್ದೆಗಳಲ್ಲಿ ತಪ್ಪು ಜಾಸ್ತಿ ಆಗುವುದು ಕೋಆರ್ಡಿನೇಟ್‌ನಲ್ಲಿ, ಅಂದರೆ ಜಾಗ ಹೇಳುವ ಅಂಕಿಗಳಲ್ಲಿ. ಕರ್ನಾಟಕದಲ್ಲಿ ಒಂದು ವಿಶೇಷ ತೊಂದರೆ ಇದೆ. ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಪದ್ಧತಿ ಯುಟಿಎಂ. ಅದರ ವಲಯ 43 ಪೂರ್ವ ರೇಖಾಂಶ 78 ಡಿಗ್ರಿಗೆ ಮುಗಿದು ಅಲ್ಲಿಂದ 44 ಶುರುವಾಗುತ್ತದೆ. ಬೆಂಗಳೂರು, ಹೊಸಕೋಟೆ, ಮಾಲೂರು ಈ ಕಡೆ. ಕೋಲಾರ ಪಟ್ಟಣ, ಮುಳಬಾಗಿಲು, ಚಿಂತಾಮಣಿ ಆ ಕಡೆ. ಒಂದೇ ಜಿಲ್ಲೆಯೊಳಗೆ ಗೆರೆ ಹಾಯುತ್ತದೆ ನೋಡಿ. ವಲಯ 44ರಲ್ಲಿ ಅಳೆದ ಕೋಲಾರದ ಪೈಪನ್ನು ಗೊತ್ತಿಲ್ಲದೆ 43 ಅಂತ ತೆರೆದರೆ ಅದು ಸುಮಾರು 650 ಕಿ.ಮೀ. ಪಶ್ಚಿಮಕ್ಕೆ ಜಾರಿ ಅರಬ್ಬಿ ಸಮುದ್ರದ ಮಧ್ಯೆ ಬೀಳುತ್ತದೆ. ಅಷ್ಟು ದೂರ ಹೋದರೆ ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ನಿಜವಾದ ಅಪಾಯ ಇರುವುದು ನಾಲ್ಕೈದು ಮೀಟರ್ ತಪ್ಪಿನಲ್ಲಿ. ಮೊಬೈಲ್ ಜಿಪಿಎಸ್‌ನಲ್ಲಿ ಅಷ್ಟು ತಪ್ಪು ಸಾಮಾನ್ಯ. ಪೈಪು ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಅಷ್ಟರಲ್ಲೇ ಅದಲು ಬದಲಾಗುತ್ತದೆ, ಜೆಸಿಬಿ ಬಂದು ಅಗೆಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಅಸೆಟ್‌ನ ಮುಂದೆ 'ಹೇಗೆ ಅಳೆದದ್ದು' ಎಂಬ ಕಾಲಂ ಇಡಿ: ಡಿಜಿಪಿಎಸ್‌ನಲ್ಲೋ (ಹೆಚ್ಚು ನಿಖರವಾದ ಜಿಪಿಎಸ್ ಉಪಕರಣ), ಮೊಬೈಲಿನಲ್ಲೋ, ಹಳೇ ನಕ್ಷೆ ನೋಡಿಯೋ, ವಾಲ್ವ್‌ಮ್ಯಾನ್ ಹೇಳಿದ್ದೋ. ವಾಲ್ವ್‌ಮ್ಯಾನ್ ಹೇಳಿದ್ದು ಅಂತ ಬರೆಯಲು ಸಂಕೋಚ ಬೇಡ. ಎಷ್ಟೋ ಸಲ ಅದೇ ಎಲ್ಲಕ್ಕಿಂತ ಸರಿಯಾಗಿರುತ್ತದೆ.

ಎರಡು ಪುಸ್ತಕಗಳನ್ನು ಹೊಂದಿಸುವವರು

ಸಿಸ್ಟಮ್ ಅನಲಿಸ್ಟ್, ಇಂಟಿಗ್ರೇಷನ್ ಎಂಜಿನಿಯರ್ ಅಂತೆಲ್ಲ ಕರೆಯುವ ಹುದ್ದೆ ಇದು. ಕರ್ನಾಟಕದ ಪಟ್ಟಣಗಳಲ್ಲಿ 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಜೋಡಿ ನಮೂದು (ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ) ಪದ್ಧತಿಯಲ್ಲಿ ಲೆಕ್ಕ ಇಡಬೇಕು. ಹಾಗಾಗಿ ಲೆಕ್ಕ ಶಾಖೆಗೆ ಸ್ಥಿರಾಸ್ತಿಯ ಬೆಲೆ, ಸವಕಳಿ (ವರ್ಷ ಕಳೆದಂತೆ ಇಳಿಯುವ ಬೆಲೆ) ಬೇಕು. ಅವರ ಪುಸ್ತಕದಲ್ಲಿ 'ವಾರ್ಡ್ 7ರ ಪೈಪ್‌ಲೈನ್ ಕಾಮಗಾರಿ' ಎಂಬ ಒಂದು ಸಾಲು, ಮುಂದೆ ಒಂದು ಮೊತ್ತ. ಎಂಜಿನಿಯರ್ ಶಾಖೆಗೆ ಅದೇ ಕಾಮಗಾರಿ 40 ಪೈಪು ತುಂಡು, 6 ವಾಲ್ವ್. ಇವೆರಡನ್ನೂ ಕೂಡಿಸುವ ಕೊಂಡಿ ಕಾಮಗಾರಿ ಸಂಖ್ಯೆ. ಆ ಸಂಖ್ಯೆ ಎರಡೂ ಕಡೆ ಇಲ್ಲದಿದ್ದರೆ ಆ ಪೈಪಿನ ಮೇಲೆ ಎಷ್ಟು ಖರ್ಚಾಗಿದೆ ಎಂಬ ಪ್ರಶ್ನೆಗೆ ಯಾವ ತಂತ್ರಾಂಶವೂ ಉತ್ತರ ಕೊಡಲಾರದು.

ಈ ದಾಖಲೆ ಕೆಡುವುದು ಯಾವಾಗ? ನಾನು ಕಂಡ ಮಟ್ಟಿಗೆ ಕಾಮಗಾರಿ ಮುಗಿದ ಮರುದಿನ. ಎಂಬಿ (ಕೆಲಸದ ಅಳತೆ ಪುಸ್ತಕ) ಬರೆದಾಯಿತು, ಬಿಲ್ ಪಾಸಾಯಿತು, ಗುತ್ತಿಗೆದಾರರು ಹೋದರು, ನೆಲದೊಳಗೆ ನಿಜವಾಗಿ ಎಲ್ಲಿ ಏನು ಹಾಕಿದರು ಎಂಬ ನಕ್ಷೆ ಮಾತ್ರ ಬರಲೇ ಇಲ್ಲ. ನಾವು ಕೇಳಿದೆವು, ಮತ್ತೆ ಕೇಳಿದೆವು, ಬರಲಿಲ್ಲ. ನಾನು ಕಲಿತ ದೊಡ್ಡ ಪಾಠ ಇದು: ದಾಖಲೆಯನ್ನು ಬಿಲ್ಲಿಗೆ ಕಟ್ಟಬೇಕು. ನಕ್ಷೆ ಏರಿಸದೆ ಬಿಲ್ ಮುಂದಕ್ಕೆ ಹೋಗದ ಹಾಗೆ ತಂತ್ರಾಂಶದಲ್ಲೇ ತಡೆ ಇರಬೇಕು. ಹಳ್ಳಿ ರಸ್ತೆಗಳ ಕೇಂದ್ರ ಯೋಜನೆಯಾದ ಗ್ರಾಮ ಸಡಕ್ ಯೋಜನೆಯ ಇ-ಮಾರ್ಗ್ ತಂತ್ರಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ರಸ್ತೆ ಮುಗಿದ ಮೇಲೆ 5 ವರ್ಷ ನಿರ್ವಹಣೆ ಗುತ್ತಿಗೆದಾರರದ್ದೇ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಮೊಬೈಲಿನಲ್ಲಿ ಜಾಗದ ಗುರುತಿರುವ ಫೋಟೋ ತೆಗೆಯಬೇಕು, ರಸ್ತೆಯ ಸ್ಥಿತಿಗೆ ಅಂಕ ಕೊಡಬೇಕು, ಹಣ ಅದರ ಮೇಲೆ. ಅಲ್ಲಿ ದಾಖಲೆ ಬರೆಯದಿದ್ದರೆ ಯಾರದ್ದೋ ಹಣ ನಿಲ್ಲುತ್ತದೆ, ಹಾಗಾಗಿ ಬರೆಯುತ್ತಾರೆ.

ಪಂಪ್‌ಹೌಸಿನ ಕಂಪ್ಯೂಟರ್

ಸ್ಕಾಡಾ ಎಂದರೆ ಪಂಪು, ವಾಲ್ವ್‌ಗಳನ್ನು ದೂರದಿಂದಲೇ ನೋಡಿ ನಡೆಸುವ ಕಂಪ್ಯೂಟರ್ ವ್ಯವಸ್ಥೆ. ಇದರ ಕೆಲಸ ಕಚೇರಿ ಐಟಿಗಿಂತ ಬೇರೆಯೇ ಸ್ವಭಾವದ್ದು. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಮೇಲಕ್ಕೆತ್ತುತ್ತಾರೆ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ 5ನೇ ಹಂತವೊಂದರದ್ದೇ ದಿನಕ್ಕೆ 77.5 ಕೋಟಿ ಲೀಟರ್. ಇಂಥ ಕಡೆ ಅಪ್‌ಡೇಟ್ ಬಂತೆಂದು ಸುಮ್ನೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಲಾಗದು, ಅಲ್ವಾ? ಮೊದಲೇ ಪಂಪ್ ಆಪರೇಟರ್ ಜೊತೆ ಕೂತು ಸಮಯ ನಿಗದಿ ಮಾಡಬೇಕು. ಅಸೆಟ್ ನಿರ್ವಹಣೆಗೆ ಸ್ಕಾಡಾದಿಂದ ಸಿಗುವ ದೊಡ್ಡ ಲಾಭ ಪಂಪು ಓಡಿದ ಗಂಟೆಗಳ ಲೆಕ್ಕ. ಮೂರು ತಿಂಗಳಿಗೊಮ್ಮೆ ಸರ್ವಿಸ್ ಎನ್ನುವ ಬದಲು ಇಷ್ಟು ಗಂಟೆ ಓಡಿದ ಮೇಲೆ ಸರ್ವಿಸ್ ಎನ್ನಬಹುದು.

ಭದ್ರತೆ ಬಗ್ಗೆ ಎರಡು ಸಂಖ್ಯೆ ಬಾಯಿಪಾಠ ಮಾಡಿ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರ್ ತಾನೇ ಬರೆದಿಡುವ ಚಟುವಟಿಕೆ ದಾಖಲೆ) 180 ದಿನ ಇಡಬೇಕು.

ಹೆಲ್ಪ್‌ಡೆಸ್ಕ್ ಹುದ್ದೆಯನ್ನು ಹಗುರ ಮಾಡಬೇಡಿ. ಡೇಟಾ ತುಂಬುವ ಆ್ಯಪ್ ತೆರೆಯುತ್ತಿಲ್ಲ ಅಂತ ವಾಲ್ವ್‌ಮ್ಯಾನ್ ಫೋನ್ ಮಾಡಿದಾಗ 'ಅಣ್ಣಾ, ಒಂದು ನಿಮಿಷ ಇರಿ, ನಾನೇ ನೋಡ್ತೀನಿ' ಅಂತ ತಾಳ್ಮೆಯಿಂದ ಹೇಳುವವರಿದ್ದರೆ ಅವರು ಮರುದಿನವೂ ಆ್ಯಪ್ ತೆರೆಯುತ್ತಾರೆ. ಇಲ್ಲವಾದರೆ ಮತ್ತೆ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ, ನಮ್ಮ ಡೇಟಾ ಅಲ್ಲಿಗೆ ನಿಂತಿತು.

ಅಭ್ಯಾಸಕ್ಕೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ. ನಿಮ್ಮ ಬೀದಿಯ ಕಂಬ, ಚರಂಡಿ, ವಾಲ್ವ್ ಗುರುತಿಸಿ. ಗುರುತಿನ ಸಂಖ್ಯೆಯೊಳಗೆ ವಾರ್ಡ್ ಸಂಖ್ಯೆ ಸೇರಿಸಬೇಡಿ, ವಾರ್ಡ್‌ಗಳ ಮರುವಿಂಗಡಣೆ ಆದರೆ ಎಲ್ಲ ಸಂಖ್ಯೆಯೂ ಸುಳ್ಳಾಗುತ್ತದೆ. ವಾರ್ಡ್ ಬೇರೆ ಕಾಲಂನಲ್ಲಿರಲಿ. ಒಂದು ತಿಂಗಳು ಬಿಟ್ಟು ಅದೇ ಬೀದಿಯಲ್ಲಿ ಮತ್ತೆ ನಡೆಯಿರಿ, ಎಷ್ಟು ಸಾಲು ತಿದ್ದಬೇಕಾಯಿತು ಎಣಿಸಿ. ಆ ಸಂಖ್ಯೆಯನ್ನು ಸಂದರ್ಶನದಲ್ಲಿ ಹೇಳಿ.