ಟ್ರೇಲರ್ ಫ್ರಿಜ್‌ಗೆ ದಾರಿಯಲ್ಲಿ ಕರೆಂಟ್ ಎಲ್ಲಿಂದ ಬರುತ್ತದೆ?

ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ನಿಂತ ಜಾಗದಲ್ಲಿ ಅದರ ಫ್ರಿಜ್‌ಗೆ ತೊಂದರೆ ಕಮ್ಮಿ. ಮೇನ್ಸ್ (ಮನೆಯಲ್ಲಿ ಬರುವಂಥ ಕರೆಂಟ್) ಸಿಕ್ಕರೆ ಮೇನ್ಸ್, ಇಲ್ಲದಿದ್ದರೆ ಗ್ಯಾಸ್. ತಲೆನೋವು ಶುರುವಾಗುವುದು ಕಾರು ಅದನ್ನು ಎಳೆದುಕೊಂಡು ಹೊರಟಾಗ. ಮೇನ್ಸ್ ಪ್ಲಗ್ ಕಿತ್ತಾಗಿದೆ, ಗ್ಯಾಸ್ ಹಚ್ಚಲು ಧೈರ್ಯ ಇಲ್ಲ. ಉಳಿದದ್ದು 12 ವೋಲ್ಟ್. ‘ಕಾರಿನಿಂದ ವೈರ್ ಬಂದಿದೆಯಲ್ಲ, ಸಾಕು’ ಅಂತ ಹೊರಟವರು ಸಂಜೆ ಬಾಗಿಲು ತೆರೆದರೆ ಫ್ರಿಜ್ ಬೆಚ್ಚಗಿರುತ್ತದೆ, ಟ್ರೇಲರ್ ಬ್ಯಾಟರಿಯೂ ಅರ್ಧ ಖಾಲಿ. ಇದು ಯಾಕೆ ಹೀಗೆ ಅಂತ ಲೆಕ್ಕ ಹಾಕಿ ನೋಡೋಣ. ಕೂಡಿಸು, ಭಾಗಿಸು ಬಂದರೆ ಸಾಕು.

ಮೊದಲು ಫ್ರಿಜ್ ಯಾವ ಜಾತಿ ಅಂತ ನೋಡಿ

ಟ್ರೇಲರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಫ್ರಿಜ್ ಇವೆ. ಒಂದು ಬಿಸಿಯಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್, ಇನ್ನೊಂದು ಮನೆಯ ಫ್ರಿಜ್‌ನಂತೆ ಮೋಟಾರ್ ಇರುವ ಕಂಪ್ರೆಸರ್ ಫ್ರಿಜ್. ಮೇನ್ಸ್, ಗ್ಯಾಸ್ ಎರಡರಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ಗೆ ಟೂ-ವೇ ಅನ್ನುತ್ತಾರೆ. ಜೊತೆಗೆ 12 ವೋಲ್ಟ್ ಕೂಡ ಇದ್ದರೆ ತ್ರೀ-ವೇ. ಟೂ-ವೇ ಇದ್ದರೆ ದಾರಿಯಲ್ಲಿ 12 ವೋಲ್ಟ್ ಅನ್ನುವ ಆಯ್ಕೆಯೇ ಇಲ್ಲ. ಆದರೆ ಒಂದು ಎಚ್ಚರಿಕೆ. ಟೂ-ವೇ ಫ್ರಿಜ್‌ಗೂ 12 ವೋಲ್ಟ್ ವೈರ್ ಬಂದಿರುವುದುಂಟು. ಅದು ಕಂಟ್ರೋಲ್ ಬೋರ್ಡ್‌ಗೆ ಮತ್ತು ಗ್ಯಾಸ್ ವಾಲ್ವ್‌ಗೆ ಮಾತ್ರ. ಅದರಿಂದ ತಣ್ಣಗಾಗುವುದಿಲ್ಲ.

ಈ ಬಗೆಯ ಅಬ್ಸಾರ್ಪ್ಷನ್ ಫ್ರಿಜ್ ಕಂಡುಹಿಡಿದವರು ಬಾಲ್ಟ್ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. 1922ರಲ್ಲಿ ಇಬ್ಬರೂ ಸ್ಟಾಕ್‌ಹೋಮಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಆಮೇಲೆ ಎಲೆಕ್ಟ್ರೋಲಕ್ಸ್ ಅದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಮೋಟಾರ್ ಇಲ್ಲ, ಪಂಪ್ ಇಲ್ಲ, ಸದ್ದೂ ಇಲ್ಲ. ಒಳಗಿರುವುದು ಅಮೋನಿಯ, ನೀರು, ಹೈಡ್ರೋಜನ್. ಬಾಯ್ಲರ್‌ಗೆ ಬಿಸಿ ಕೊಟ್ಟರೆ ಅಮೋನಿಯ ಬೆರೆತ ನೀರು ಕುದಿಯುತ್ತದೆ. ಹಾಲು ಉಕ್ಕುವಾಗ ನೊರೆ ಮೇಲೇಳುತ್ತದಲ್ಲ, ಹಾಗೆ ಗುಳ್ಳೆಗಳು ಸಣ್ಣ ಕೊಳವೆಯಲ್ಲಿ ದ್ರವವನ್ನು ಮೇಲಕ್ಕೆ ಎತ್ತುತ್ತವೆ. ಅಮೋನಿಯದ ಆವಿ ಬೇರೆಯಾಗಿ, ಮೇಲೆ ತಣಿದು ದ್ರವವಾಗುತ್ತದೆ. ಅದು ಕೆಳಗಿಳಿದು ಹೈಡ್ರೋಜನ್ ಇರುವ ಜಾಗಕ್ಕೆ ಬಂದಾಗ ಮತ್ತೆ ಆವಿಯಾಗುತ್ತದೆ. ಆ ಹೊತ್ತಿನಲ್ಲಿ ಫ್ರಿಜ್‌ನ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕೊನೆಗೆ ನೀರು ಅಮೋನಿಯವನ್ನು ವಾಪಸ್ ಹೀರಿಕೊಂಡು ಬಾಯ್ಲರ್‌ಗೆ ಹೋಗುತ್ತದೆ.

ನಮಗೆ ಇದರಲ್ಲಿ ಬೇಕಾದ ಮಾತು ಒಂದೇ. ಈ ಫ್ರಿಜ್‌ಗೆ ಬೇಕಿರುವುದು ಬಿಸಿ. ಆ ಬಿಸಿ ಗ್ಯಾಸ್ ಜ್ವಾಲೆಯಿಂದ ಬಂದರೂ ಸರಿ, ಮೇನ್ಸ್ ಹೀಟರಿಂದ ಬಂದರೂ ಸರಿ, 12 ವೋಲ್ಟ್ ಹೀಟರಿಂದ ಬಂದರೂ ಸರಿ. ಕೊಟ್ಟ ಬಿಸಿಯಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಮಾತ್ರ ತಂಪಿನ ಕೆಲಸವಾಗಿ ಸಿಗುತ್ತದೆ. 150 ವ್ಯಾಟ್ ಕೊಟ್ಟರೆ 30 ವ್ಯಾಟ್‌ನಷ್ಟು ತಂಪು. ಹೊಟ್ಟೆ ಜಾಸ್ತಿ, ಕೆಲಸ ಕಮ್ಮಿ.

12 ವೋಲ್ಟ್‌ನಲ್ಲಿ ಎಷ್ಟು ಎಳೆಯುತ್ತದೆ?

ಸುಮಾರು 100 ಲೀಟರಿನ ತ್ರೀ-ವೇ ಫ್ರಿಜ್‌ನ 12 ವೋಲ್ಟ್ ಹೀಟರ್ 180 ವ್ಯಾಟ್ ಅಂತ ಇಟ್ಟುಕೊಳ್ಳೋಣ. 180 ಭಾಗಿಸು 12, ಅಂದರೆ 15 ಆಂಪಿಯರ್. ಹಳೆಯ ಎಷ್ಟೋ ಮಾದರಿಗಳಲ್ಲಿ 12 ವೋಲ್ಟ್‌ಗೆ ಥರ್ಮೋಸ್ಟಾಟ್ ಕೆಲಸ ಮಾಡುವುದಿಲ್ಲ, ಹೀಟರ್ ಸದಾ ಆನ್. ಒಂದು ದಿನ ಪೂರ್ತಿ ಬಿಟ್ಟರೆ 15 ಗುಣಿಸು 24 ಗಂಟೆ, ಅಂದರೆ 360 ಆಂಪಿಯರ್-ಅವರ್. ಲೆಡ್-ಆಸಿಡ್ ಬ್ಯಾಟರಿ 100 ಆಂಪಿಯರ್-ಅವರ್‌ನದ್ದಾದರೆ ಅದರಿಂದ ಅರ್ಧದಷ್ಟು ಮಾತ್ರ ತೆಗೆಯುವುದು ಒಳ್ಳೆಯದು. ಅಂದರೆ ಮೂರು ಚಿಲ್ಲರೆ ಗಂಟೆಗೆ ಆಟ ಮುಗಿಯಿತು. ಆದ್ದರಿಂದ ತ್ರೀ-ವೇ ಫ್ರಿಜ್‌ನ 12 ವೋಲ್ಟ್ ಸ್ವಿಚ್ ಎಂಜಿನ್ ಓಡುತ್ತಿರುವಾಗಿನ ಬಳಕೆಗೆ ಮಾತ್ರ. ಬ್ಯಾಟರಿ ಮೇಲೆ ನಿಂತು ನಡೆಸಲು ಅದನ್ನು ಮಾಡಿಲ್ಲ.

ಇನ್ನೊಂದು. ಈ ಮೋಡ್‌ಗೆ ಇರುವ ತಂಪನ್ನು ಹಿಡಿದಿಡುವಷ್ಟು ಶಕ್ತಿ ಇದೆ. ಬೆಚ್ಚಗಿನ ಫ್ರಿಜ್ ಅನ್ನು ತಣ್ಣಗೆ ಮಾಡುವುದು ಅದಕ್ಕೆ ಕಷ್ಟ. ಹೊರಡುವ ಹಿಂದಿನ ರಾತ್ರಿಯೇ ಮೇನ್ಸ್ ಅಥವಾ ಗ್ಯಾಸ್‌ನಲ್ಲಿ ಫ್ರಿಜ್ ಹಚ್ಚಿ. ಪೂರ್ತಿ ತಣಿಯಲು ಅಬ್ಸಾರ್ಪ್ಷನ್ ಫ್ರಿಜ್ ಏನಿಲ್ಲವೆಂದರೂ 6ರಿಂದ 12 ಗಂಟೆ ತೆಗೆದುಕೊಳ್ಳುತ್ತದೆ. ಒಳಗಿಡುವ ಸಾಮಾನು ಕೂಡ ಮೊದಲೇ ತಣ್ಣಗಿರಲಿ.

ಅಸಲಿ ಕಳ್ಳ: ವೈರ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನವರ ತೊಂದರೆ ಇರುವುದೇ ಇಲ್ಲಿ.

ಕಾರಿನ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ) ಮುಂದೆ ಇದೆ, ಫ್ರಿಜ್ ಟ್ರೇಲರ್‌ನ ಮಧ್ಯೆ ಎಲ್ಲೋ ಇದೆ. ದೂರ 9 ಮೀಟರ್ ಅಂತಿರಲಿ. ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ ವೈರ್‌ನ ಉದ್ದ 18 ಮೀಟರ್. ತಾಮ್ರದ ವೈರ್ 1 ಚದರ ಮಿ.ಮೀ. ದಪ್ಪವಿದ್ದರೆ ಮೀಟರಿಗೆ ಸುಮಾರು 0.0172 ಓಮ್ ರೆಸಿಸ್ಟೆನ್ಸ್. ದಪ್ಪ ಹೆಚ್ಚಿದಷ್ಟೂ ಅದು ಇಳಿಯುತ್ತದೆ. 2 ಚದರ ಮಿ.ಮೀ. ವೈರ್ ಆದರೆ 18 ಮೀಟರಿಗೆ 0.155 ಓಮ್. 6 ಚದರ ಮಿ.ಮೀ. ಆದರೆ 0.052 ಓಮ್. ಸಂಖ್ಯೆ ಚಿಕ್ಕದು ಅಂತ ಸುಮ್ನೆ ಬಿಡಬೇಡಿ.

ಟ್ರೇಲರ್‌ನಲ್ಲಿ ಅದರದ್ದೇ ಬ್ಯಾಟರಿ ಇರುತ್ತದೆ. ಕಾರಿನಿಂದ ಬರುವ ಚಾರ್ಜ್ ವೈರ್, ಆ ಬ್ಯಾಟರಿ, ಫ್ರಿಜ್ ಮೂರೂ ಒಂದೇ ಜಾಗದಲ್ಲಿ ಸೇರಿಕೊಂಡಿರುವ ವೈರಿಂಗ್ ತುಂಬ ಸಾಮಾನ್ಯ. ಆಲ್ಟರ್ನೇಟರ್ 13.6 ವೋಲ್ಟ್ ಕೊಡುತ್ತಿದೆ, ಟ್ರೇಲರ್ ಬ್ಯಾಟರಿ 12.6 ವೋಲ್ಟ್‌ನಲ್ಲಿ ಇದೆ. ವ್ಯತ್ಯಾಸ 1 ವೋಲ್ಟ್. ವೈರ್‌ನಲ್ಲಿ ಹರಿಯುವ ಕರೆಂಟ್ = 1 ಭಾಗಿಸು 0.155, ಅಂದರೆ ಬರೀ 6.5 ಆಂಪಿಯರ್. ಫ್ರಿಜ್‌ಗೆ ಬೇಕಾದ್ದು 15ಕ್ಕಿಂತ ಸ್ವಲ್ಪ ಜಾಸ್ತಿ. ಉಳಿದ 9 ಆಂಪಿಯರ್ ಯಾರು ಕೊಡಬೇಕು? ಟ್ರೇಲರ್ ಬ್ಯಾಟರಿ! ಆರು ಗಂಟೆ ಓಡಿಸಿದರೆ ಅದರಿಂದ 50 ಆಂಪಿಯರ್-ಅವರ್ ಹೋಗಿರುತ್ತದೆ. ಬ್ಯಾಟರಿ ಇಳಿದಂತೆ ಅದರ ವೋಲ್ಟೇಜ್ ಕೂಡ ಇಳಿಯುತ್ತದೆ, ಆಗ ವೈರ್‌ನಲ್ಲಿ ಕರೆಂಟ್ ತುಸು ಹೆಚ್ಚುತ್ತದೆ. ಲೆಕ್ಕ ಅಷ್ಟರ ಮಟ್ಟಿಗೆ ಸುಧಾರಿಸುತ್ತದೆ, ಕಥೆ ಬದಲಾಗುವುದಿಲ್ಲ. ದಿನವಿಡೀ ‘ಚಾರ್ಜ್’ ಆದ ಬ್ಯಾಟರಿ ಸಂಜೆ ಅರ್ಧ ಖಾಲಿ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಇದೇ.

ಅದೇ 6 ಚದರ ಮಿ.ಮೀ. ವೈರ್ ಹಾಕಿ ನೋಡಿ. 1 ಭಾಗಿಸು 0.052, ಅಂದರೆ 19 ಆಂಪಿಯರ್. ಫ್ರಿಜ್‌ಗೂ ಸಾಕು, ಬ್ಯಾಟರಿಗೂ ಚೂರು ಉಳಿಯಿತು. ಇದು ಕನೆಕ್ಟರ್, ಫ್ಯೂಸ್, ಅರ್ತ್ ಎಲ್ಲವೂ ಸರಿಯಿದ್ದಾಗಿನ ಮಾತು. ತುಕ್ಕು ಹಿಡಿದ ಒಂದು ಪಿನ್ ಇದ್ದರೆ ದಪ್ಪ ವೈರ್ ಹಾಕಿದ್ದೂ ವ್ಯರ್ಥ. ಅರ್ತ್‌ಗೆ ಟ್ರೇಲರ್‌ನ ಚಾಸಿಯನ್ನೇ ನಂಬಿದ್ದರೆ ಅಲ್ಲೂ ಪರೀಕ್ಷೆ ಮಾಡಿ.

ವೋಲ್ಟೇಜ್ ಇಳಿದರೆ ಹೀಟರ್‌ಗೆ ಏನಾಗುತ್ತದೆ? ಹೀಟರ್‌ನ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 12 ವೋಲ್ಟ್‌ನಲ್ಲಿ 180 ವ್ಯಾಟ್ ಕೊಡುವ ಹೀಟರ್‌ಗೆ 10.8 ವೋಲ್ಟ್ ಸಿಕ್ಕರೆ ಅದು 146 ವ್ಯಾಟ್‌ಗೆ ಬರುತ್ತದೆ. ವೋಲ್ಟೇಜ್ ಹತ್ತನೇ ಒಂದು ಭಾಗ ಹೋದರೆ ಬಿಸಿ ಐದನೇ ಒಂದು ಭಾಗ ಹೋಯಿತು. ಮೊದಲೇ ಅಷ್ಟಕ್ಕಷ್ಟೇ ಇದ್ದ ಫ್ರಿಜ್ ಇನ್ನು ತಂಪನ್ನೂ ಹಿಡಿಯುವುದಿಲ್ಲ. ಅಳತೆ ಮಾಡುವುದಾದರೆ ಫ್ರಿಜ್‌ನ ಟರ್ಮಿನಲ್‌ನಲ್ಲೇ ಮಲ್ಟಿಮೀಟರ್ ಇಟ್ಟು ಮಾಡಿ. ಫ್ರಿಜ್ ಆನ್ ಇರಬೇಕು, ಎಂಜಿನ್ ಓಡುತ್ತಿರಬೇಕು. ಲೋಡ್ ಇಲ್ಲದಾಗ ಎಲ್ಲ ವೈರೂ ಚೆನ್ನಾಗಿಯೇ ಕಾಣುತ್ತದೆ.

ಲಿಥಿಯಂ ಬ್ಯಾಟರಿ ಹಾಕಿದರೆ ಸರಿಹೋಗುತ್ತದಾ?

ಬರೀ ಅದರಿಂದ ಸರಿಹೋಗುವುದಿಲ್ಲ. ಕೆಲವೊಮ್ಮೆ ಇನ್ನೂ ಕೆಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತುಂಬಾ ಹೊತ್ತು 13.2 ವೋಲ್ಟ್ ಹತ್ತಿರವೇ ನಿಲ್ಲುತ್ತದೆ. 13.6ರಿಂದ 13.2 ಕಳೆದರೆ 0.4 ವೋಲ್ಟ್. ಆ ತೆಳು ವೈರ್‌ನಲ್ಲಿ ಈಗ 3 ಆಂಪಿಯರ್ ಕೂಡ ಬರುವುದಿಲ್ಲ. ಇದರ ಮೇಲೆ ಹೊಸ ಕಾರುಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ ಇರುತ್ತದೆ. ಇಂಧನ ಉಳಿಸಲು ಅದು ತನ್ನ ವೋಲ್ಟೇಜ್ ಅನ್ನು ತಾನೇ ಇಳಿಸುತ್ತದೆ, ಏರಿಸುತ್ತದೆ. ಕಾರಿನ ಬ್ಯಾಟರಿ ತುಂಬಿದೆ ಅನ್ನಿಸಿದಾಗ 12.5 ಆಸುಪಾಸಿಗೆ ಬಂದರೂ ಬಂತೇ.

ಇದಕ್ಕೆ ಮದ್ದು ಡಿಸಿ-ಡಿಸಿ ಚಾರ್ಜರ್. ಬರುವ ವೋಲ್ಟೇಜ್ ಕಮ್ಮಿಯಿದ್ದರೂ ಅದನ್ನು ಎತ್ತಿ, ಬ್ಯಾಟರಿಗೆ ಬೇಕಾದ ವೋಲ್ಟೇಜ್ ಕೊಡುತ್ತದೆ. ಅದನ್ನು ಟ್ರೇಲರ್ ಬ್ಯಾಟರಿಯ ಹತ್ತಿರ ಇಡಬೇಕು. ಆದರೆ ಪುಕ್ಕಟೆ ಏನೂ ಬರುವುದಿಲ್ಲ. 30 ಆಂಪಿಯರ್ ಹೊರಗೆ ಕೊಡುವ ಚಾರ್ಜರ್, ತನ್ನ ನಷ್ಟವೂ ಸೇರಿ, ಕಾರಿನ ಕಡೆಯಿಂದ 40 ಆಂಪಿಯರ್ ಹತ್ತಿರ ಎಳೆಯುತ್ತದೆ. ಏಳು ಪಿನ್‌ನ ಟ್ರೇಲರ್ ಪ್ಲಗ್‌ನಲ್ಲಿ ಚಾರ್ಜ್ ಲೈನ್‌ಗೆ ಸಾಮಾನ್ಯವಾಗಿ 30 ಆಂಪಿಯರ್ ಫ್ಯೂಸ್ ಇರುತ್ತದೆ, ಕೆಲವದರಲ್ಲಿ ಅದಕ್ಕೂ ಕಮ್ಮಿ. ಆ ಪ್ಲಗ್ ಅನ್ನೇ ಬಳಸುವುದಾದರೆ 20 ಆಂಪಿಯರ್ ಅಥವಾ ಅದಕ್ಕಿಂತ ಸಣ್ಣ ಚಾರ್ಜರ್ ಸಾಕು. ದೊಡ್ಡದು ಬೇಕಿದ್ದರೆ ಕಾರಿನ ಬ್ಯಾಟರಿಯಿಂದ ಬೇರೆಯೇ ದಪ್ಪ ಕೇಬಲ್ ಎಳೆದು, ಆಂಡರ್ಸನ್ ಪ್ಲಗ್ (ಹೆಚ್ಚು ಕರೆಂಟ್ ತಡೆಯುವ ದೊಡ್ಡ ಪ್ಲಗ್) ಹಾಕಬೇಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಕೇಬಲ್‌ನ ಎರಡು ತುದಿಯಲ್ಲೂ ಬ್ಯಾಟರಿ ಇದೆ ಅನ್ನುವುದನ್ನು ಮರೆಯಬೇಡಿ, ಎರಡೂ ಕಡೆ ಫ್ಯೂಸ್ ಬೇಕು.

ಎಂಜಿನ್ ಆಫ್ ಮಾಡಿದಾಗ ಏನು ಅನ್ನುವುದು ಬೇರೆ ಪ್ರಶ್ನೆ. ಕೆಲವು ಕಾರುಗಳಲ್ಲಿ ಚಾರ್ಜ್ ಲೈನ್ ಯಾವಾಗಲೂ ಜೀವಂತ. ಊಟಕ್ಕೆ ಅಂತ ನಿಂತು ಮರೆತರೆ ಫ್ರಿಜ್ ಕಾರಿನ ಬ್ಯಾಟರಿಯನ್ನೂ ನುಂಗುತ್ತದೆ, ಆಮೇಲೆ ಕಾರು ಸ್ಟಾರ್ಟ್ ಆಗುವುದಿಲ್ಲ. ನಡುವೆ ಒಂದು ಐಸೊಲೇಟರ್ ರಿಲೇ ಇದ್ದರೆ ಕೀ ತೆಗೆದ ಕೂಡಲೇ ಸಂಪರ್ಕ ಕಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಹೇಗಿದೆ ಅಂತ ತಿಳಿಯಲು ಎಂಜಿನ್ ಆಫ್ ಮಾಡಿ ಪ್ಲಗ್‌ನ ಪಿನ್‌ಗೆ ಮೀಟರ್ ಇಟ್ಟರೆ ಸಾಕು.

ಗ್ಯಾಸ್ ಹಚ್ಚಿಕೊಂಡೇ ಓಡಿಸಬಹುದಾ?

ತಾಂತ್ರಿಕವಾಗಿ ನೋಡಿದರೆ ಗ್ಯಾಸೇ ಈ ಫ್ರಿಜ್‌ನ ನಿಜವಾದ ಊಟ. 100 ಲೀಟರಿನ ಫ್ರಿಜ್ ದಿನಕ್ಕೆ ಸುಮಾರು 350 ಗ್ರಾಂ ಪ್ರೊಪೇನ್ ಉರಿಸುತ್ತದೆ. ಅಷ್ಟರಲ್ಲಿ 4.5 ಕಿಲೋವ್ಯಾಟ್-ಅವರ್ ಬಿಸಿ ಇದೆ. ಮೇಲೆ ಕಂಡ 180 ವ್ಯಾಟ್ ಹೀಟರ್ ದಿನವಿಡೀ ತಿನ್ನುವುದೂ ಹೆಚ್ಚುಕಮ್ಮಿ ಅಷ್ಟೇ. ಆ ಶಕ್ತಿಯನ್ನು ಬ್ಯಾಟರಿಯಲ್ಲಿ ಹೊರಬೇಕೆಂದರೆ ಮೂರು ನಾಲ್ಕು ದೊಡ್ಡ ಲಿಥಿಯಂ ಬ್ಯಾಟರಿ ಬೇಕು!

ಆದರೂ ಓಡುವಾಗ ಗ್ಯಾಸ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಪಘಾತದಲ್ಲಿ ಪೈಪ್ ತುಂಡಾದರೆ ತೆರೆದ ಸಿಲಿಂಡರ್‌ನಿಂದ ಗ್ಯಾಸ್ ಸೋರುತ್ತದೆ. ಪೈಪ್ ಒಡೆದ ಕ್ಷಣ ಗ್ಯಾಸ್ ತಡೆಯುವ ವಾಲ್ವ್‌ಗಳು ಇವೆ, ಎಲ್ಲ ಟ್ರೇಲರ್‌ನಲ್ಲೂ ಇಲ್ಲ. ಪೆಟ್ರೋಲ್ ಬಂಕ್‌ನಲ್ಲಿ ತೆರೆದ ಜ್ವಾಲೆ ಇದ್ದರೆ ಏನಾಗಬಹುದು ಅಂತ ವಿವರಿಸಬೇಕಿಲ್ಲ ಅಲ್ವಾ? ಸ್ವತಃ ಶಕ್ತಿ ಆಯ್ದುಕೊಳ್ಳುವ ಕೆಲವು ಆಟೋ ಫ್ರಿಜ್‌ಗಳು ಎಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ಕಾದು ಆಮೇಲೆ ಗ್ಯಾಸ್ ಹಚ್ಚುವುದು ಇದೇ ಭಯಕ್ಕೆ. ಕೆಲವು ಸುರಂಗಗಳಲ್ಲಿ ಗ್ಯಾಸ್ ಸಿಲಿಂಡರ್‌ಗೆ ನಿರ್ಬಂಧವೂ ಇದೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಗಾಳಿಗೆ ಜ್ವಾಲೆ ಆರುವುದೂ ಇದೆ. ಆಗ ಥರ್ಮೋಕಪಲ್ (ಜ್ವಾಲೆಯ ಬಿಸಿ ಗುರುತಿಸುವ ಸಾಧನ) ಗ್ಯಾಸ್ ನಿಲ್ಲಿಸುತ್ತದೆ, ಅಪಾಯ ಇಲ್ಲ. ಆದರೆ ಹಳೆಯ ಮಾದರಿಯಾದರೆ ಫ್ರಿಜ್ ನಿಂತಿದ್ದು ನಿಮಗೆ ತಿಳಿಯುವುದು ಸಂಜೆಗೆ.

ಕಂಪ್ರೆಸರ್ ಫ್ರಿಜ್

ಇಲ್ಲಿ ಹೇಳುವುದು ಕಮ್ಮಿ, ಯಾಕೆಂದರೆ ತೊಂದರೆಯೇ ಕಮ್ಮಿ. 100 ಲೀಟರಿನದ್ದು ಓಡುವಾಗ 45 ವ್ಯಾಟ್ ಆಸುಪಾಸು, ಅದೂ ಬಿಟ್ಟು ಬಿಟ್ಟು. ದಿನಕ್ಕೆ 30ರಿಂದ 40 ಆಂಪಿಯರ್-ಅವರ್. ಅಬ್ಸಾರ್ಪ್ಷನ್‌ನ 360ರ ಪಕ್ಕ ಇಟ್ಟು ನೋಡಿ. ಗಾಡಿ ಓಡಲಿ, ನಿಲ್ಲಲಿ, ಬ್ಯಾಟರಿಯಿಂದ ನಡೆಯುತ್ತದೆ. ಒಳ್ಳೆ ಬಿಸಿಲಿದ್ದರೆ 200 ವ್ಯಾಟ್ ಸೋಲಾರ್ ಪ್ಯಾನೆಲ್ ಇದರ ದಿನದ ಖರ್ಚು ತುಂಬಿಕೊಡುತ್ತದೆ. ಇದರ ಒಂದೇ ಸಿಡುಕು ವೋಲ್ಟೇಜ್. ಬ್ಯಾಟರಿ ಕಾಪಾಡಲು ಒಂದು ಮಟ್ಟಕ್ಕಿಂತ ಇಳಿದರೆ ನಿಂತುಬಿಡುತ್ತದೆ. ಬಿಡಿ35 ಎಂಬ ಹೆಸರಾಂತ ಸಣ್ಣ ಕಂಪ್ರೆಸರ್‌ನಲ್ಲಿ ಸಾಮಾನ್ಯ ಸೆಟ್ಟಿಂಗ್ 10.4 ವೋಲ್ಟ್. ಬ್ಯಾಟರಿ ತುಂಬಿದ್ದೂ ಫ್ರಿಜ್ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಮತ್ತೆ ವೈರ್ ಕಡೆ ನೋಡಿ. ಸ್ಟಾರ್ಟ್ ಆಗುವ ಕ್ಷಣದಲ್ಲಿ ತೆಳು ವೈರ್ ವೋಲ್ಟೇಜ್ ತಿಂದುಬಿಡುತ್ತದೆ.

ಟೂ-ವೇ ಫ್ರಿಜ್‌ನ ಮೇನ್ಸ್ ಹೀಟರ್ ಅನ್ನು ಇನ್ವರ್ಟರ್‌ನಿಂದ ನಡೆಸುವ ಉಪಾಯ ಕೇಳಿರಬಹುದು. 300 ವ್ಯಾಟ್ ಹೀಟರ್‌ಗೆ ಬ್ಯಾಟರಿಯಿಂದ 27 ಆಂಪಿಯರ್‌ಗಿಂತ ಜಾಸ್ತಿ ಹೋಗುತ್ತದೆ. ಮೇಲಿನ ಲೆಕ್ಕ ಓದಿದ ಮೇಲೆ ಇದು ನಡೆಯುವ ಮಾತಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಏನೂ ಕೊಡದೆ ಹೋಗುವುದು

ದಾರಿ ನಾಲ್ಕು ಗಂಟೆಯೊಳಗೆ ಮುಗಿಯುವುದಾದರೆ ನಾನು ಹೇಳುವುದು ಇದನ್ನೇ. ರಾತ್ರಿಯೇ ಚೆನ್ನಾಗಿ ತಣಿಸಿ, ಹೊರಡುವಾಗ ಫ್ರಿಜ್ ಆಫ್ ಮಾಡಿ, ಬಾಗಿಲು ತೆರೆಯಬೇಡಿ. ಕರೆಂಟ್ ಹೋದಾಗ ಬಾಗಿಲು ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ಆಹಾರವನ್ನು ಸುರಕ್ಷಿತವಾಗಿ ಇಡುತ್ತದೆ ಅನ್ನುವುದು ಒಪ್ಪಿತ ಲೆಕ್ಕ. ಇನ್ನೂ ಹೊತ್ತು ಬೇಕಿದ್ದರೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಇಡಿ. 1 ಕೆ.ಜಿ. ಮಂಜುಗಡ್ಡೆ ಕರಗಲು 93 ವ್ಯಾಟ್-ಅವರ್ ಬಿಸಿ ಬೇಕು. ಫ್ರಿಜ್‌ನ ಗೋಡೆಯಿಂದ 25 ವ್ಯಾಟ್ ಬಿಸಿ ಒಳಗೆ ಬರುತ್ತಿದ್ದರೆ 2 ಕೆ.ಜಿ. ಮಂಜು ಏಳು ಗಂಟೆ ತಡೆಯುತ್ತದೆ. ವೈರ್ ಬೇಡ, ಫ್ಯೂಸ್ ಬೇಡ. ಒಳಗೊಂದು ಥರ್ಮಾಮೀಟರ್ ಇರಲಿ. 4 ಡಿಗ್ರಿ ಸೆಲ್ಸಿಯಸ್ ದಾಟಿ ಎರಡು ಗಂಟೆಗಿಂತ ಜಾಸ್ತಿ ಇದ್ದ ಹಾಲು, ಮಾಂಸ, ಬೇಯಿಸಿದ ಅಡುಗೆ ಎಸೆಯಬೇಕು.

ತಲುಪಿದ ಮೇಲೆ ಅಬ್ಸಾರ್ಪ್ಷನ್ ಫ್ರಿಜ್‌ಗೆ ಮೊದಲು ಮಾಡುವ ಕೆಲಸ ಟ್ರೇಲರ್ ಅನ್ನು ಮಟ್ಟವಾಗಿ ನಿಲ್ಲಿಸುವುದು. ಓಡುವಾಗ ಗಾಡಿ ಅತ್ತ ಇತ್ತ ವಾಲುತ್ತಲೇ ಇರುವುದರಿಂದ ಒಳಗಿನ ದ್ರವ ಒಂದೇ ಕಡೆ ನಿಲ್ಲುವುದಿಲ್ಲ. ವಾಲಿಸಿ ನಿಲ್ಲಿಸಿದರೆ ಅದು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಬಾಯ್ಲರ್ ಒಣಗಿ ಅತಿಯಾಗಿ ಬಿಸಿಯಾಗುತ್ತದೆ. ಹಾಗೆ ಕೆಟ್ಟ ಕೂಲಿಂಗ್ ಯೂನಿಟ್ ಸಾಮಾನ್ಯವಾಗಿ ರಿಪೇರಿ ಆಗುವುದಿಲ್ಲ, ಇಡೀ ಯೂನಿಟ್ ಬದಲಿಸಬೇಕು. ಮಟ್ಟ ನೋಡಿ, ಹೊರಗಿನ ಗಾಳಿಕಿಂಡಿ ಮುಚ್ಚಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ 12 ವೋಲ್ಟ್‌ನಿಂದ ಮೇನ್ಸ್‌ಗೋ ಗ್ಯಾಸ್‌ಗೋ ಬದಲಿಸಿ.