ಗೋಲ್ಡರ್ಸ್ ಗ್ರೀನ್ ಚಿತಾಗಾರ: ಚಿಮ್ನಿಯ ಎಳೆತದ ಲೆಕ್ಕ

ಇಸವಿಗಳನ್ನು ಮೊದಲು ಮುಗಿಸೋಣ. ಬ್ರಿಟನ್ನಿನಲ್ಲಿ ಶವ ಸುಡುವುದು ಅಪರಾಧವಲ್ಲ ಎಂದು 1884ರಲ್ಲಿ, ತನ್ನ ಮಗುವಿನ ಶವ ಸುಡಲು ಹೋದ ವೈದ್ಯ ವಿಲಿಯಂ ಪ್ರೈಸ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. 1885ರಲ್ಲಿ ವೋಕಿಂಗ್‌ನಲ್ಲಿ ಚಿತಾಗಾರದೊಳಗಿನ ಮೊದಲ ದಹನ. 1902ರಲ್ಲಿ ದಹನ ಕಾಯ್ದೆ ಬಂತು, ಅದೇ ವರ್ಷ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ತೆರೆಯಿತು. ವಾಸ್ತುಶಿಲ್ಪಿಗಳು ಅರ್ನೆಸ್ಟ್ ಜಾರ್ಜ್ ಮತ್ತು ಆಲ್ಫ್ರೆಡ್ ಯೇಟ್ಸ್.

ಕಟ್ಟಡ ಕೆಂಪು ಇಟ್ಟಿಗೆಯದು, ಉತ್ತರ ಇಟಲಿಯ ಲೊಂಬಾರ್ಡ್ ಶೈಲಿ. ಕಮಾನುಗಳ ಉದ್ದನೆಯ ಪಡಸಾಲೆ ಇದೆ. ಬೂದಿಯ ಪಾತ್ರೆ ಇಡಲು ಗೂಡುಗಳಿರುವ ಪ್ರತ್ಯೇಕ ಕಟ್ಟಡಗಳೂ ಇವೆ. ನಮ್ಮಲ್ಲಿ ಅಸ್ಥಿ ಗೋಕರ್ಣದಲ್ಲಿ ಸಮುದ್ರ ಸೇರುವುದರಿಂದ ಇಂಥ ಕಟ್ಟಡದ ಅಗತ್ಯವೇ ಬೀಳಲಿಲ್ಲ. ಚಿಮ್ನಿ ಮಾತ್ರ ಹೊರಗೆ ಕಾಣದು, ಅದು ಗಂಟೆಗೋಪುರದಂತಿರುವ ಗೋಪುರದೊಳಗಿದೆ. ಗೋಪುರ ಯಾಕೆ ಎಂಬ ಪ್ರಶ್ನೆಗೆ ‘ಅಂದಕ್ಕಾಗಿ’ ಎಂದು ಬರೆದರೆ ಅರ್ಧ ಉತ್ತರ. ಎತ್ತರ ಬೇಕಿದ್ದದ್ದು ಬೆಂಕಿಗೆ.

ಯಾಕೆ? ಕುಲುಮೆಗೆ ಗಾಳಿಯನ್ನು ಎಳೆಯುವುದೇ ಚಿಮ್ನಿ. ಒಳಗಿನ ಬಿಸಿ ಅನಿಲ ಹಗುರ, ಹೊರಗಿನ ಗಾಳಿ ಭಾರ. ಆ ತೂಕದ ವ್ಯತ್ಯಾಸವನ್ನು ಎತ್ತರದಿಂದ ಗುಣಿಸಿದರೆ ಎಳೆತ ಸಿಗುತ್ತದೆ. ಒಂದು ಘನ ಮೀಟರ್ ಗಾಳಿಯ ತೂಕಕ್ಕೆ ಸುಲಭ ದಾರಿ: 353ನ್ನು ಕೆಲ್ವಿನ್ ಉಷ್ಣಾಂಶದಿಂದ ಭಾಗಿಸಿ. ಎಲ್ಲರೂ ಎಡವುವುದು ಇಲ್ಲೇ. 30 ಡಿಗ್ರಿ ಸೆಲ್ಸಿಯಸ್ಸನ್ನು ಹಾಗೇ ಹಾಕಿದರೆ ಹತ್ತು ಪಟ್ಟು ತಪ್ಪು ಉತ್ತರ ಬರುತ್ತದೆ. ಮೊದಲು 273 ಕೂಡಿಸಲೇಬೇಕು.

ಲೆಕ್ಕಕ್ಕೆ 20 ಮೀಟರ್ ಚಿಮ್ನಿ, ಒಳಗೆ 300 ಡಿಗ್ರಿ ಎಂದುಕೊಳ್ಳಿ. 353 ÷ 573 = 0.62 ಕೆ.ಜಿ. ಕಾರವಾರದ 30 ಡಿಗ್ರಿಯಲ್ಲಿ ಹೊರಗಾಳಿ 353 ÷ 303 = 1.17 ಕೆ.ಜಿ. ವ್ಯತ್ಯಾಸ 0.55. ಇದನ್ನು ಗುರುತ್ವದ 9.8ರಿಂದಲೂ ಎತ್ತರದ 20ರಿಂದಲೂ ಗುಣಿಸಿದರೆ ಸುಮಾರು 108 ಪಾಸ್ಕಲ್, ಅಂದರೆ ಬರೀ 11 ಮಿ.ಮೀ. ನೀರಿನ ಒತ್ತಡ. ಲಂಡನ್ನಿನ 10 ಡಿಗ್ರಿ ಚಳಿಯಲ್ಲಿ ಇದೇ ಚಿಮ್ನಿ 123ರ ಆಸುಪಾಸು ಎಳೆಯುತ್ತದೆ. ನಮ್ಮ ಸೆಖೆಯಲ್ಲಿ ಅಷ್ಟೇ ಎಳೆತ ಬೇಕಾದರೆ ಸುಮಾರು 23 ಮೀಟರ್ ಎತ್ತರ ಬೇಕು. ಗೋಡೆಯ ತಿಕ್ಕಾಟ, ತಿರುವು, ಮಸಿ ಎಲ್ಲವೂ ಇದರಲ್ಲೇ ಪಾಲು ಕಳೆಯುತ್ತವೆ.

ಚಿಮ್ನಿ ತಣ್ಣಗಿದ್ದರೆ ಒಳಗೂ ಹೊರಗೂ ಒಂದೇ ತೂಕ, ಎಳೆತ ಸೊನ್ನೆ, ಹೊಗೆ ವಾಪಸ್. ಮಳೆಗಾಲದ ಬೆಳಿಗ್ಗೆ ಬಚ್ಚಲ ಒಲೆ ಹೊಗೆಯಾಡುವುದಕ್ಕೆ ಹಸಿ ಕಟ್ಟಿಗೆಯ ಜೊತೆ ಇದೂ ಕಾರಣ. ಅದಕ್ಕೇ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಉರಿಸುತ್ತಿದ್ದ ಆ ಕಾಲದ ಕುಲುಮೆಗಳನ್ನು ಶವ ಇಡುವ ಮೊದಲೇ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಅದೂ ನಿಧಾನವಾಗಿ: ಇಟ್ಟಿಗೆಯೊಳಗಿನ ತೇವ ಒಮ್ಮೆಲೇ ಆವಿಯಾದರೆ ಒಳಪದರ ಬಿರಿಯುತ್ತದೆ.