ಚಿಗವ್ವನ ಮೊಣಕೈಗೆ ಹೋದ ಶಬ್ದ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಚಿಗವ್ವ ದಿನಾ ಬೆಳಗ್ಗೆ ಒಂದು ಖಾನಾವಳಿಗೆ ನೂರಕ್ಕೂ ಜಾಸ್ತಿ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ಹೋದ ವರ್ಷ ಅವರ ಬಲ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಯಿತು. ಕೊಡ ಎತ್ತಲು ಆಗದು, ಬಟ್ಟೆ ಹಿಂಡಲು ಆಗದು. ಡಾಕ್ಟರ್ ‘ಟೆನಿಸ್ ಎಲ್ಬೋ’ ಎಂದು ಹೇಳಿ ಫಿಸಿಯೋಥೆರಪಿಗೆ ಕಳಿಸಿದರು. ಹೆಸರು ಹಾಗಿದ್ದರೂ ಈ ನೋವು ಬರುವವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಗಟ್ಟಿ ಹುರಿಯಂಥ ಸ್ನಾಯುರಜ್ಜುವಿನಿಂದ ಮೊಣಕೈ ಮೂಳೆಗೆ ಅಂಟಿಕೊಂಡಿರುತ್ತವೆ. ದಿನವೂ ಅದೇ ಕೆಲಸ ಬಿದ್ದರೆ ಆ ಹುರಿ ಸವೆಯುತ್ತದೆ.

ಮೊದಲ ದಿನ ಹೋಗಿ ಬಂದ ಚಿಗವ್ವ ಫೋನಿನಲ್ಲಿ, “ಕರೆಂಟ್ ಹಚ್ಚಿದ್ರು ತಮ್ಮಾ, ಆದ್ರ ಜುಮ್ ಅನ್ನಲೇ ಇಲ್ಲ” ಅಂದರು. ನಮ್ಮ ಕಡೆ ಫಿಸಿಯೋಥೆರಪಿಯ ಯಾವ ಮಷಿನ್ ಆದರೂ ‘ಕರೆಂಟ್’. ಜುಮುಗುಟ್ಟಿಸುವ ಕೆಲವು ಮಷಿನ್‌ಗಳಲ್ಲಿ ಸಣ್ಣ ವಿದ್ಯುತ್ ಮೈಗೆ ಹೋಗುವುದು ನಿಜ. ಚಿಗವ್ವನಿಗೆ ಹಚ್ಚಿದ್ದು ಅಲ್ಟ್ರಾಸೌಂಡ್. ಅದರಲ್ಲಿ ಕರೆಂಟ್ ಹಿಡಿಕೆಯೊಳಗೇ ನಿಂತುಬಿಡುತ್ತದೆ. ಮೈಯೊಳಗೆ ಹೋಗುವುದು ಶಬ್ದ!

ಹಿಡಿಕೆಯ ತುದಿಯಲ್ಲಿರುವ ಲೋಹದ ಬಿಲ್ಲೆಯ ಹಿಂದೆ ಒಂದು ತೆಳ್ಳನೆಯ ಹರಳಿದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕಂಡುಕೊಂಡರು. ಇದರ ಉಲ್ಟಾ ಕೂಡ ನಿಜ. ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗಿ ನಡುಗುತ್ತದೆ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20 ಸಾವಿರ ಕಂಪನಗಳವರೆಗೆ. ಈ ಹರಳು ನಡುಗುವುದು ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಸಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜೆವಿನ್ ಇದೇ ಗುಣ ಬಳಸಿ ನೀರಿನಡಿಯ ಜಲಾಂತರ್ಗಾಮಿಗಳನ್ನು ಹುಡುಕಲು ಹೊರಟಿದ್ದರು. ಜೋರು ಶಬ್ದ ಬಿಟ್ಟಾಗ ಹತ್ತಿರದ ಮೀನುಗಳು ಸತ್ತವು, ನೀರಲ್ಲಿಟ್ಟ ಕೈ ನೋಯಿತು. ಕೇಳದ ಶಬ್ದ ಮೈಗೆ ತಟ್ಟುತ್ತದೆ ಎಂದು ಗೊತ್ತಾದದ್ದು ಹಾಗೆ.

ನನಗೆ ತುಂಬ ಹಿಡಿಸಿದ ಸಂಗತಿ ಮುಂದಿನದು. ಬಿಸಿನೀರಿನ ಚೀಲ ಇಟ್ಟರೆ ಮೊದಲು ಕಾಯುವುದು ಚರ್ಮ. ಒಳಗೆ ಹೋಗುವಷ್ಟರಲ್ಲಿ ಕಾವು ಇಳಿದಿರುತ್ತದೆ. ಅಲ್ಟ್ರಾಸೌಂಡ್ ಕೊಬ್ಬನ್ನು ಹೆಚ್ಚೇನೂ ಕಾಯಿಸದೆ ದಾಟಿ ಹೋಗುತ್ತದೆ. ಪ್ರೋಟೀನ್ ಜಾಸ್ತಿ ಇರುವ ಸ್ನಾಯುರಜ್ಜು ಮಾತ್ರ ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ. ಕಾವು 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ರಕ್ತ ಹರಿಯುವುದು ಹೆಚ್ಚುತ್ತದೆ, ಬಿಗಿದ ಹುರಿ ಒಂದಿಷ್ಟು ಸಡಿಲಾಗುತ್ತದೆ. 10 ಲಕ್ಷದ ಕಂಪನ 4–5 ಸೆಂಟಿಮೀಟರ್ ಆಳದವರೆಗೆ ಮುಟ್ಟುತ್ತದೆ, 30 ಲಕ್ಷದ್ದು 1–2 ಸೆಂಟಿಮೀಟರ್ ಅಷ್ಟೇ. ಮೊಣಕೈಯ ಹುರಿ ಚರ್ಮದ ಕೆಳಗೇ ಇರುವುದರಿಂದ ಅದಕ್ಕೆ 30 ಲಕ್ಷವೇ ಸರಿ.

ಹಚ್ಚುವ ಜೆಲ್ಲನ್ನು ಚಿಗವ್ವ ಔಷಧಿ ಅಂದುಕೊಂಡಿದ್ದರು. ಅದರ ಕೆಲಸ ಬಿಲ್ಲೆಗೂ ಚರ್ಮಕ್ಕೂ ನಡುವೆ ಗಾಳಿ ಇರದ ಹಾಗೆ ನೋಡಿಕೊಳ್ಳುವುದು. ವಿಜಯಪುರದ ಗೋಳಗುಮ್ಮಟ ಹತ್ತಿದವರಿಗೆ ಗೊತ್ತಲ್ವಾ, ಈ ಬದಿ ಗೋಡೆಗೆ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುತ್ತದೆ. ಗಾಳಿಯಲ್ಲಿ ಬಂದ ಶಬ್ದ ಗೋಡೆಯೊಳಗೆ ನುಗ್ಗಲಾರದೆ ಪುಟಿಯುತ್ತ ಹೋಗುತ್ತದೆ. ಮಷಿನ್‌ನಲ್ಲಿ ಪುಟಿಸುವುದು ಗಾಳಿಯೇ. ಕೂದಲೆಳೆಯಷ್ಟು ಗಾಳಿ ಉಳಿದರೂ ಶಬ್ದವೆಲ್ಲ ವಾಪಸ್.

ಬಿಲ್ಲೆಯನ್ನು ಒಂದೇ ಕಡೆ ಇಡುವಂತಿಲ್ಲ, ನಿಧಾನವಾಗಿ ಆಡಿಸುತ್ತಲೇ ಇರಬೇಕು. ಬಿಲ್ಲೆಯಿಂದ ಹೊರಡುವ ಶಬ್ದ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಿಂತರೆ ಒಂದು ಬಿಂದುವಿನಲ್ಲಿ ಸುಟ್ಟ ಹಾಗಾಗುತ್ತದೆ, ಮೂಳೆಯ ಹತ್ತಿರವಂತೂ ಚುಚ್ಚಿದಂತೆ ನೋಯುತ್ತದೆ. ಹಾಗೆ ಅನ್ನಿಸಿದ ಕೂಡಲೇ ಬಾಯಿಬಿಟ್ಟು ಹೇಳಬೇಕು, ತಡೆದುಕೊಂಡು ಕೂರಬಾರದು. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಬಿಸಿಯೇ ತಿಳಿಯದು. ಅವರು ಇದನ್ನು ಮೊದಲೇ ತಿಳಿಸಬೇಕು. ಬಸುರಿಯರ ಹೊಟ್ಟೆ ಮತ್ತು ಸೊಂಟ, ಕ್ಯಾನ್ಸರ್ ಗಡ್ಡೆ, ಕಣ್ಣು, ಪೇಸ್‌ಮೇಕರ್ ಇರುವ ಜಾಗ, ಇಲ್ಲೆಲ್ಲ ಈ ಮಷಿನ್ ಹಚ್ಚುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನೋವು ಹೋಗುತ್ತದಾ? 2001ರಲ್ಲಿ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ 35 ಪ್ರಯೋಗಗಳನ್ನು ತೂಗಿ ನೋಡಿದರು. ಸರಿಯಾದ ಕ್ರಮದಲ್ಲಿ ನಡೆದವು 10 ಮಾತ್ರ. ಅದರಲ್ಲಿ 8ರಲ್ಲಿ ನಿಜವಾದ ಮಷಿನ್‌ಗೂ, ಆನ್ ಮಾಡದೆ ಸುಮ್ನೆ ಆಡಿಸಿದ ಮಷಿನ್‌ಗೂ ವ್ಯತ್ಯಾಸ ಕಾಣಲಿಲ್ಲ. ಉಳಿದ ಎರಡರಲ್ಲಿ, ಭುಜದ ಹುರಿಯಲ್ಲಿ ಸುಣ್ಣ ಕಟ್ಟಿದವರಿಗೆ ಮತ್ತು ಮಣಿಕಟ್ಟಿನ ನರ ಒತ್ತಿದವರಿಗೆ ಲಾಭ ಕಂಡಿತು. ಸೊಂಟನೋವಿಗೆ ಅಲ್ಟ್ರಾಸೌಂಡ್ ಕೊಡಬೇಡಿ ಎಂದು ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿ 2016ರಲ್ಲಿ ನೇರವಾಗಿಯೇ ಹೇಳಿತು. ದುಡ್ಡು ಕೊಟ್ಟು, ಕೆಲಸ ಬಿಟ್ಟು ವಾರಗಟ್ಟಲೆ ‘ಕರೆಂಟ್’ ಹಚ್ಚಿಸಿಕೊಳ್ಳುವ ನಮ್ಮ ಜನಕ್ಕೆ ಇದು ತಿಳಿಯಬೇಕು ಅನ್ನುವುದು ನನ್ನ ಆಸೆ. ಸವೆದ ಹುರಿಗೆ ಮತ್ತೆ ಬಲ ಬರುವುದು ನಿಧಾನವಾಗಿ ಭಾರ ಹೊರಿಸುವ ವ್ಯಾಯಾಮದಿಂದ.

ಚಿಗವ್ವನಿಗೆ ಸಿಕ್ಕ ಫಿಸಿಯೋ ಹುಡುಗಿ ಅದನ್ನೇ ಮಾಡಿಸಿದಳು. ಅರ್ಧ ಲೀಟರ್ ನೀರಿನ ಬಾಟ್ಲಿ ಹಿಡಿದು, ಮುಂಗೈ ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ಮೆಲ್ಲಗೆ ಇಳಿಸುವುದು. ಮೊನ್ನೆ ಫೋನ್ ಮಾಡಿ ಕೇಳಿದೆ. “ಆ ಮಷಿನ್ ನಾಕ ದಿನಕ್ಕ ಬಿಡಿಸ್ಯಾಳ. ಬಾಟ್ಲಿ ಮಾತ್ರ ದಿನಾ ಎತ್ತತೀನಿ ತಮ್ಮಾ. ಈಗ ಕೊಡ ಎತ್ತಾಕ ಬರ್ತದ” ಅಂದರು.